ತಿಪ್ಪೆ ಟೀಚರ್‌ಗೆ ಬಂದ ಪತ್ರಗಳು

ನಮ್ಮ ಕಟ್ಟಡದ ಮಕ್ಕಳು ನನ್ನನ್ನು ‘ತಿಪ್ಪೆ ಟೀಚರ್’ ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳಿಗೆ ಸಿಕ್ಕ ಬಿರುದು ಇದೊಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡುತ್ತೇನೆ. ಬಳ್ಳಾರಿಯ ಹೊಸಪೇಟೆ ರಸ್ತೆಯ ಕಡೆ ನಾವಿರುವುದು 24 ಮನೆಗಳ ಕಟ್ಟಡ. ಅಲ್ಲಿನ ಗೊಬ್ಬರದ ತೊಟ್ಟಿಯ ಬಗ್ಗೆ ಕಳೆದ ತಿಂಗಳು ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರಗಳು ಹಿಂದೆ ಸಕ್ಕರೆ ಕಾಯಿಲೆಯ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು 32 ಮನೆಗಳ ಅಪಾರ್ಟ್‌ಮೆಂಟ್. ಹಸಿ ಕಸ, ಒಣ ಕಸ ಬೇರೆ ಮಾಡೋಣ, ಗೊಬ್ಬರ ಮಾಡೋಣ ಎಂದು ಮೂರು ಸಲ ಸಭೆ ಕರೆದೆವು. ಮೊದಲನೆಯದಕ್ಕೆ ಹದಿನೆಂಟು ಜನ ಬಂದರು, ಎರಡನೆಯದಕ್ಕೆ ಒಂಬತ್ತು. ಮೂರನೆಯದಕ್ಕೆ ನಾನು ಮತ್ತು ಕಾರ್ಯದರ್ಶಿ ಇಬ್ಬರೇ. ಲಿಫ್ಟಿನಲ್ಲಿ ಕರಪತ್ರ ಅಂಟಿಸಿದೆವು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕುತ್ತಾರೆ. ಬೆಳಿಗ್ಗೆ ನೋಡಿದರೆ ಒಂದೇ ಕವರಿನಲ್ಲಿ ಎಲ್ಲವನ್ನೂ ಗಂಟು ಕಟ್ಟಿ ಬಾಗಿಲ ಮುಂದೆ ಇಟ್ಟಿರುತ್ತಾರೆ. ಕಾನೂನು ತೋರಿಸಿ ಹೆದರಿಸೋಣ ಎನ್ನುತ್ತಾರೆ ಕಾರ್ಯದರ್ಶಿ. ಇವರನ್ನು ಹುರಿದುಂಬಿಸುವುದು ಹೇಗೆ? (ಗಾಂಧಿನಗರ, ಬಳ್ಳಾರಿ)

ತಮ್ಮಾ, ಮೊದಲು ನಾಲ್ಕನೆಯ ಸಭೆಯನ್ನು ರದ್ದು ಮಾಡು.

ನನ್ನ ಕಥೆ ಹೇಳುತ್ತೇನೆ. ಏಳು ವರ್ಷದ ಹಿಂದೆ ನಾನೂ ಸಭೆ ಕರೆದವಳೇ. ಕರಿಹಲಗೆ ತರಿಸಿ ಇಂಗಾಲದ ಚಕ್ರ ಬರೆದು ತೋರಿಸಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿ, ಮಿರ್ಚಿ ಮಂಡಕ್ಕಿ ತಿಂದು ಹೋದರು. ಮಂಡಕ್ಕಿ ತಿಂದ ಕಾಗದದ ತಟ್ಟೆಗಳನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೋದರು ಎಂಬುದನ್ನೂ ಹೇಳಿಬಿಡುತ್ತೇನೆ. ಆದರೂ ಹಟ ಹಿಡಿದು ಮೆಟ್ಟಿಲ ಕೆಳಗೆ 200 ಲೀಟರಿನ ನೀಲಿ ಡ್ರಮ್ಮೊಂದನ್ನು ಇಡಿಸಿದೆ. ಎರಡು ವಾರ ಸರಿಯಾಗಿಯೇ ನಡೆಯಿತು. ಮೂರನೆಯ ವಾರ ಮಹಡಿಯ ಮೇಲೆ ಒಂದು ನಿಶ್ಚಿತಾರ್ಥ. ಉಳಿದ ಅನ್ನ, ಸಾಂಬಾರು, ಎಣ್ಣೆ ತೇಲುವ ಪಲ್ಯ ಸೇರಿ ಎರಡು ಕೊಳಗ. ಅಡುಗೆಯವನು ಚರಂಡಿಗೆ ಸುರಿಯಲು ಹೊರಟಿದ್ದ. ‘ಅಯ್ಯೋ, ಅದೂ ಗೊಬ್ಬರವೇ’ ಎಂದು ನಾನೇ ತಡೆದು ಡ್ರಮ್ಮಿಗೆ ಹಾಕಿಸಿದೆ. ಒಂದು ಹಿಡಿ ಒಣ ಎಲೆಯೂ ಸೇರಿಸಲಿಲ್ಲ. ಏಪ್ರಿಲ್ ತಿಂಗಳು. ಮೂರನೆಯ ದಿನ ಎದ್ದ ವಾಸನೆಗೆ ನೆಲಮಹಡಿಯ ಅಜ್ಜಿ ಮಗಳ ಮನೆಗೆ ಹೋಗಿಬಿಟ್ಟರು. ಆ ಸಂಜೆ ಡ್ರಮ್ಮು ರಸ್ತೆಗೆ ಹೋಯಿತು. ಮುಂದೆ ಒಂದೂವರೆ ವರ್ಷ ನಾನು ಲಿಫ್ಟಿನಲ್ಲಿ ಬಂದರೆ ಜನ ಮೊಬೈಲ್ ನೋಡುತ್ತಿದ್ದರು.

ಎರಡನೆಯ ಸಲ ಶುರು ಮಾಡುವಾಗ ಬಾಯಿ ಮುಚ್ಚಿಕೊಂಡು ಕಣ್ಣು ತೆರೆದೆ. ಒಂದು ವಾರ ಬೆಳಿಗ್ಗೆ ಆರರಿಂದ ಏಳರವರೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತೆ. ಆಮೇಲೆ ಸಲುಗೆಯಿರುವ ಆರು ಮನೆಗಳ ಅಡುಗೆಕೋಣೆಗೆ ಚಹಾದ ನೆಪದಲ್ಲಿ ಹೋಗಿ ಬಂದೆ. ಗೊತ್ತಾದದ್ದು ಇಷ್ಟು: ಸಿಂಕಿನ ಕೆಳಗಿನ ಗೂಡಿನಲ್ಲಿ ಒಂದು ಬುಟ್ಟಿಗೆ ಮಾತ್ರ ಜಾಗ. ಅದರ ಪಕ್ಕ ಗ್ಯಾಸ್ ಸಿಲಿಂಡರ್. ಎರಡನೆಯ ಬುಟ್ಟಿಯನ್ನು ಇಡುವುದಾದರೂ ಎಲ್ಲಿ? ಯಾರೂ ಕೆಟ್ಟವರಲ್ಲ, ಯಾರೂ ಸೋಮಾರಿಗಳೂ ಅಲ್ಲ. ಜಾಗ ಇಲ್ಲ, ಅಷ್ಟೇ. ನಾನು ಅವರಿಗೆ ಇಂಗಾಲದ ಚಕ್ರ ಬರೆದು ತೋರಿಸುತ್ತಿದ್ದೆ!

ನಮ್ಮ ಕಟ್ಟಡಕ್ಕೆ ಬಣ್ಣ ಹೊಡೆಯಲು ಬಂದಿದ್ದ ಮೇಸ್ತ್ರಿಯ ಹತ್ತಿರ ಐದು ಲೀಟರಿನ ಖಾಲಿ ಬಣ್ಣದ ಡಬ್ಬಗಳಿದ್ದವು. ಬಿಗಿಯಾದ ಮುಚ್ಚಳ, ಮೇಲೆ ತಂತಿಯ ಹಿಡಿಕೆ. ಆರನ್ನು ಕೇಳಿ ತಂದು ಚೆನ್ನಾಗಿ ತೊಳೆಸಿ, ಗೂಡಿನ ಬಾಗಿಲ ಒಳಮೈಗೆ ಒಂದೊಂದು ಕೊಕ್ಕೆ ಹೊಡೆಸಿ ತೂಗುಹಾಕಿದೆ. ತಳಕ್ಕೆ ಹಳೆಯ ಪೇಪರಿನ ಒಂದು ಹಾಳೆ. ಪ್ಲಾಸ್ಟಿಕ್ ಕವರು ಬೇಡವೇ ಬೇಡ. ತರಕಾರಿ ಹೆಚ್ಚುವವರ ಕೈ ಎಷ್ಟು ದೂರ ಚಾಚುತ್ತದೋ ಅಷ್ಟರೊಳಗೆ ಡಬ್ಬ ಇರಬೇಕು. ಒಂದು ಮೊಳ ಆಚೆ ಹೋದರೂ ಸಿಪ್ಪೆ ಹಳೆಯ ಬುಟ್ಟಿಗೇ ಬೀಳುತ್ತದೆ. ಇದನ್ನು ನನ್ನ ಅಡುಗೆಮನೆಯಲ್ಲಿಯೇ ನೋಡಿದ್ದೇನೆ, ನನ್ನ ಕೈಯಲ್ಲಿಯೇ.

ಆರು ಮನೆ, ಎರಡು ಡ್ರಮ್ಮು. ದಿನಕ್ಕೆ ಮೂರೂವರೆ ಕಿಲೋ ಹಸಿ ಕಸ. ಒಂದು ತುಂಬಲು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬೇಕು, ಅಷ್ಟರಲ್ಲಿ ಇನ್ನೊಂದು ಮಾಗುತ್ತಿರುತ್ತದೆ. ಈ ಸಲ ಯಾರಿಗೂ ಪ್ರಚಾರ ಮಾಡಲಿಲ್ಲ. ನಾಲ್ಕನೆಯ ತಿಂಗಳು ಬಂದ ಗೊಬ್ಬರವನ್ನು ಜರಡಿ ಹಿಡಿದು ಒಂದೊಂದು ಕಿಲೋ ಚೀಲ ಮಾಡಿ, ಸೇರದಿದ್ದ ಮನೆಗಳಿಗೇ ಮೊದಲು ಕೊಟ್ಟೆ. ಮೂರನೆಯ ಮಹಡಿಯಾಕೆಯ ಕರಿಬೇವಿನ ಗಿಡ ಒಂದು ವರ್ಷದಿಂದ ಮೊಂಡಾಗಿ ನಿಂತಿತ್ತು. ಅದು ಚಿಗುರಿದ ವಾರ ಆಕೆ ತಾನಾಗಿಯೇ ಬಂದು ಡಬ್ಬ ಕೇಳಿದಳು. ಹೀಗೆ ಹತ್ತಾಯಿತು, ಹದಿನಾಲ್ಕಾಯಿತು. ಈಗ ಹತ್ತೊಂಬತ್ತು. ದಿನಕ್ಕೆ ಹನ್ನೊಂದು ಕಿಲೋ. ಡ್ರಮ್ಮು ಸಾಲದೆ ಹಿಂದಿನ ಗೋಡೆಗೆ ಒತ್ತಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಎತ್ತರದ ಮೂರು ತೊಟ್ಟಿ ಕಟ್ಟಿಸಿದೆವು. ಇಟ್ಟಿಗೆಗಳ ನಡುವೆ ಗಾಳಿಯಾಡಲು ಸಂದು ಬಿಟ್ಟಿದ್ದೇವೆ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಮೂರು ತಿಂಗಳು ಮಾಗಿರುತ್ತದೆ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನಿಮ್ಮ ಸಭೆಗೆ ಕಸ ಎತ್ತುವಾಕೆಯನ್ನು ಕರೆದಿದ್ದಿರಾ? ಪತ್ರದಲ್ಲಿ ಅವಳ ಸುದ್ದಿಯೇ ಇಲ್ಲ. ನಾವೂ ಮೊದಲ ಸಲ ಕರೆದಿರಲಿಲ್ಲ. ಎರಡನೆಯ ಸಲ ಕೇಳಿದಾಗ ಅವಳು ಹೇಳಿದ್ದು, ‘ಟೀಚರಮ್ಮ, ಗಂಟು ಬಿಚ್ಚುವುದಕ್ಕೇ ನನಗೆ ಅರ್ಧ ಗಂಟೆ ಹೋಗುತ್ತದೆ. ಒಳಗೆ ಬ್ಲೇಡು ಇದೆಯೋ, ಒಡೆದ ಬಲ್ಬು ಇದೆಯೋ ಯಾರಿಗೆ ಗೊತ್ತು?’ ಎಂದು. ಅವಳ ಎಡಗೈಯ ಹೆಬ್ಬೆರಳಿನಲ್ಲಿ ಹೊಲಿಗೆ ಹಾಕಿದ ಗುರುತಿತ್ತು. ಏಳು ವರ್ಷ ಅದೇ ಕೈಗೆ ಕಸ ಕೊಟ್ಟವಳು ನಾನು, ಆ ದಿನವೇ ಅದನ್ನು ನೋಡಿದ್ದು. ಈಗ ತೊಟ್ಟಿಯ ಉಸ್ತುವಾರಿ ಅವಳದು. ಸಂಘದಿಂದ ತಿಂಗಳಿಗೆ ಇಷ್ಟು ಎಂದು ಹೆಚ್ಚು ಹಣ, ರಬ್ಬರಿನ ಕೈಗವಸು, ಒಣ ಕಸ ಗುಜರಿಗೆ ಹಾಕಿ ಬಂದ ದುಡ್ಡೂ ಪೂರ್ತಿ ಅವಳಿಗೆ. ಅದರಲ್ಲಿ ಸಂಘಕ್ಕೆ ಪಾಲು ಬೇಕೆಂದು ಒಬ್ಬರು ಲೆಕ್ಕ ಎತ್ತಿದ್ದರು. ರದ್ದಿ ಕಾಗದದ ದುಡ್ಡಿನಲ್ಲಿ ಪಾಲು ಕೇಳುವ ಕಾರಿನ ಮಾಲೀಕರು! ಅವರ ಬಾಯಿ ಮುಚ್ಚಿಸಿದ್ದು ಅವರ ಹೆಂಡತಿಯೇ.

ಯಾರ ಡಬ್ಬದಲ್ಲಿ ಪ್ಲಾಸ್ಟಿಕ್ ಕಂಡರೂ ಅವಳು ಎತ್ತುವುದಿಲ್ಲ. ಬೈಯುವುದೂ ಇಲ್ಲ. ಬಾಗಿಲ ಮುಂದೆ ಹಾಗೆಯೇ ಬಿಟ್ಟು ಮುಂದಿನ ಮನೆಗೆ ಹೋಗುತ್ತಾಳೆ. ಮಧ್ಯಾಹ್ನದವರೆಗೆ ಓಡಾಡುವವರೆಲ್ಲ ಆ ಡಬ್ಬ ದಾಟಿಕೊಂಡು ಹೋಗಬೇಕು. ನಾನು ಒಂದು ಗಂಟೆ ಭಾಷಣ ಮಾಡಿ ಸಾಧಿಸದ್ದನ್ನು ಆ ಡಬ್ಬ ಎರಡು ದಿನದಲ್ಲಿ ಸಾಧಿಸಿತು.

ಕಾರ್ಯದರ್ಶಿಯವರು ಕಾನೂನು ತೋರಿಸಿ ಹೆದರಿಸೋಣ ಎನ್ನುತ್ತಾರೆಂದು ಬರೆದಿದ್ದೀಯ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಪ್ರತಿ ಮನೆಯವರೂ ಕಸವನ್ನು ಮೂರು ಬಗೆಯಾಗಿ ಬೇರ್ಪಡಿಸಿ ಕೊಡಬೇಕೆಂದು ಹೇಳಿದವು: ಕೊಳೆಯುವುದು, ಕೊಳೆಯದ್ದು, ಅಪಾಯಕಾರಿಯಾದದ್ದು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ಪ್ರತ್ಯೇಕವಾಗಿ ‘ಬೃಹತ್ ಉತ್ಪಾದಕರು’ ಎಂದು ಕರೆದು ಹೆಚ್ಚಿನ ಹೊಣೆ ಹೊರಿಸಿದವು. ನಿಮ್ಮ 32 ಮನೆಗಳ ಕಸ ಅದರ ಅರ್ಧಕ್ಕೂ ಬರಲಾರದು. ಕಾನೂನು ಗೊತ್ತಿರಲಿ, ಲಿಫ್ಟಿನಲ್ಲಿ ಮಾತ್ರ ಅಂಟಿಸಬೇಡಿ. ಹೆದರಿಸಿದರೆ ಜನ ಬೇರ್ಪಡಿಸುತ್ತಾರೆ, ನಿಜ. ಆದರೆ ಹೆದರಿ ಬೇರ್ಪಡಿಸಿದ ಡಬ್ಬದ ತಳದಲ್ಲಿ ಯಾವಾಗಲೂ ಒಂದು ಶಾಂಪೂ ಸ್ಯಾಶೆ ಇರುತ್ತದೆ.

ನಮ್ಮ ಐದು ಮನೆಗಳು ಇವತ್ತಿಗೂ ಸೇರಿಲ್ಲ. ಅದರಲ್ಲಿ ಒಬ್ಬರು ‘ತೆರಿಗೆ ಕಟ್ಟುತ್ತೇನೆ, ಕಸ ನೋಡುವುದು ನನ್ನ ಕೆಲಸವಲ್ಲ’ ಎನ್ನುತ್ತಾರೆ. ಸಂಕ್ರಾಂತಿಗೆ ಅವರಿಗೂ ಎಳ್ಳಿನ ಜೊತೆ ಒಂದು ಚೀಲ ಗೊಬ್ಬರ ಕಳುಹಿಸುತ್ತೇನೆ. ತೆಗೆದುಕೊಳ್ಳುತ್ತಾರೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಎರಡನೆಯ ಮಹಡಿಯ ಬಾಡಿಗೆ ಮನೆ. ಬಾಲ್ಕನಿಯಲ್ಲಿ ತೂತು ಕೊರೆದ ಬಕೆಟ್ ಇಟ್ಟು ಗೊಬ್ಬರ ಮಾಡಲು ಹೊರಟಿದ್ದೇವೆ. ಹದಿನೈದು ದಿನಕ್ಕೆ ಹುಳಿ ವಾಸನೆ, ತಳದಲ್ಲಿ ಕಪ್ಪು ನೀರು, ಮೇಲೆ ದಪ್ಪ ದಪ್ಪ ಹುಳುಗಳು. ಅತ್ತೆಯವರು ಬರುವ ಭಾನುವಾರದೊಳಗೆ ಏನಾದರೂ ಮಾಡಬೇಕು. (ಗಂಗಾವತಿ)

ತಂಗಿ, ಭತ್ತದ ಕಣಜದಲ್ಲಿ ಕುಳಿತು ಒಣ ಪದಾರ್ಥ ಸಾಲದೆ ಒದ್ದಾಡುತ್ತಿದ್ದೀಯ! ನಿಮ್ಮೂರಿನ ಯಾವ ಅಕ್ಕಿ ಗಿರಣಿಯ ಹಿಂದೆ ಹೋದರೂ ಉಮಿ ಗುಡ್ಡದ ಹಾಗೆ ಬಿದ್ದಿರುತ್ತದೆ. ಒಂದು ಗೋಣಿಚೀಲ ಸಾಕು, ಮೂರು ತಿಂಗಳು ಬರುತ್ತದೆ. ಗಿರಣಿಯವರು ಉದಾರವಾಗಿ ತೌಡು ಕೊಡಲು ಬಂದರೆ ಬೇಡ ಅನ್ನು. ಅದು ಹಿಂಡಿಯ ಜಾತಿ. ಹಸಿಯಾದೊಡನೆ ಮುದ್ದೆ ಕಟ್ಟಿ ಹಳಸುತ್ತದೆ, ಇಲಿಗಳನ್ನೂ ಕರೆಯುತ್ತದೆ.

ಹುಳಿ ವಾಸನೆ ಎಂದರೆ ಗಾಳಿ ಆಡುತ್ತಿಲ್ಲ ಎಂದರ್ಥ. ಅಡುಗೆಮನೆಯ ಹಸಿ ಕಸದಲ್ಲಿ ನೀರೂ ಸಾರಜನಕವೂ ಹೆಚ್ಚು. ಅದನ್ನು ತಿಂದು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ಆ ಇಂಗಾಲ ಇರುವುದು ಒಣ ಎಲೆ, ಹರಿದ ಪೇಪರು, ಶೇಂಗಾ ಸಿಪ್ಪೆ, ತೆಂಗಿನ ನಾರು ಇಂಥವುಗಳಲ್ಲಿ. ಉಮಿಯಲ್ಲಿ ಮರಳಿನ ಅಂಶ ಜಾಸ್ತಿ. ಅದು ಬೇಗ ಕೊಳೆಯುವುದಿಲ್ಲ, ಕಡೆಗೆ ಗೊಬ್ಬರದಲ್ಲಿಯೂ ಕಣ್ಣಿಗೆ ಕಾಣುತ್ತದೆ. ಆದರೆ ಮುದ್ದೆಯಾಗಲು ಬಿಡದೆ ಗಾಳಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಅರ್ಧ ಉಮಿ, ಅರ್ಧ ಒಣ ಎಲೆ ಬೆರೆಸಿಟ್ಟುಕೋ. ಇವತ್ತೇ ಬಕೆಟ್ಟನ್ನು ಹಳೆಯ ಪೇಪರಿನ ಮೇಲೆ ಪೂರ್ತಿ ಮಗುಚು. ಮೂಗು ಕಟ್ಟಿಕೊಂಡು ಎರಡು ಪಟ್ಟು ಒಣ ಪದಾರ್ಥ ಸೇರಿಸಿ ಕಲಸಿ ಮತ್ತೆ ತುಂಬು. ತಳದ ಕಪ್ಪು ನೀರನ್ನು ಚೆಲ್ಲಿಬಿಡು, ಈಗಿನ ಸ್ಥಿತಿಯಲ್ಲಿ ಅದನ್ನು ಗಿಡಕ್ಕೆ ಹಾಕಬೇಡ. ಎರಡು ದಿನದಲ್ಲಿ ವಾಸನೆ ಇಳಿಯುತ್ತದೆ. ಮುಂದಕ್ಕೆ ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ಒಣ ಮಿಶ್ರಣ. ಯಾವಾಗಲೂ ಮೇಲಿನ ಪದರ ಒಣಗಿಯೇ ಇರಬೇಕು, ಹಸಿ ಕಸ ಕಣ್ಣಿಗೆ ಬೀಳಬಾರದು.

ಹುಳುಗಳ ಬಗ್ಗೆ. ಬೂದು ಬಣ್ಣದ, ಚಪ್ಪಟೆಯಾದ, ಮೈಮೇಲೆ ಗೆರೆಗಳಿರುವ ದಪ್ಪ ಹುಳುವಾದರೆ ಅದು ಕಣಜದ ಹುಳುವಿನಂತೆ ಕಾಣುವ ಒಂದು ಕಪ್ಪು ನೊಣದ ಮರಿ. ಕಚ್ಚುವುದಿಲ್ಲ, ಆ ನೊಣ ಊಟದ ತಟ್ಟೆಯ ಮೇಲೆ ಕೂರುವ ಜಾತಿಯೂ ಅಲ್ಲ. ಈ ಮರಿ ಬಹಳ ವೇಗವಾಗಿ ಕಸ ತಿನ್ನುತ್ತದೆ. ನನ್ನ ತೊಟ್ಟಿಯಲ್ಲಿ ಕಂಡರೆ ಖುಷಿಯಾಗುತ್ತದೆ. ಆದರೆ ನಿನ್ನ ಅತ್ತೆಗೆ ಈ ಪಾಠ ಮಾಡಲು ಹೋಗಬೇಡ. ಒಣ ಪದರ ದಪ್ಪವಾದರೆ ಅವು ತಾವಾಗಿಯೇ ಕಡಿಮೆಯಾಗುತ್ತವೆ. ಭಾನುವಾರ ಬಕೆಟ್ಟಿನ ಮೇಲೊಂದು ತುಳಸಿ ಕುಂಡ ಇಟ್ಟುಬಿಡು.

ಪ್ರಶ್ನೆ: ಪುಸ್ತಕದಲ್ಲಿ ಹೇಳಿದ ಲೆಕ್ಕದಂತೆ ಎಲ್ಲ ಮಾಡಿದ್ದೇನೆ. ವಾಸನೆಯಿಲ್ಲ, ಹುಳುವಿಲ್ಲ. ಆದರೆ ನಾಲ್ಕು ತಿಂಗಳಾದರೂ ಗೊಬ್ಬರವೂ ಇಲ್ಲ. ಹಾಕಿದ ಬಾಳೆಸಿಪ್ಪೆ ಚರ್ಮದ ಪಟ್ಟಿಯ ಹಾಗೆ ಹಾಗೆಯೇ ಇದೆ. (ರಾಯಚೂರು)

ಮಾರ್ಚಿಯಲ್ಲಿ ಶುರು ಮಾಡಿ ಮಹಡಿಯ ಮೇಲೆ ಬಿಸಿಲಿಗೆ ಇಟ್ಟಿದ್ದೀರಿ, ಹೌದಲ್ಲವೇ? ಪತ್ರದಲ್ಲಿ ಬರೆದಿಲ್ಲ. ಆದರೆ ಬಾಳೆಸಿಪ್ಪೆ ಸಾಕ್ಷಿ ಹೇಳುತ್ತಿದೆ. ನಿಮ್ಮಲ್ಲಿ ಆಗಿರುವುದು ಗೊಬ್ಬರವಲ್ಲ, ಸಂಡಿಗೆ.

ಗೊಬ್ಬರ ಮಾಡುವ ಬಗ್ಗೆ ಬರುವ ಸೂಚನೆಗಳಲ್ಲಿ ಹೆಚ್ಚಿನವು ಮಳೆ ಸುರಿಯುವ, ತಂಪು ಹವೆಯ ಊರುಗಳಲ್ಲಿ ಕುಳಿತು ಬರೆದವು. ನೀರು ಹೆಚ್ಚಾಗದಂತೆ ನೋಡಿಕೊಳ್ಳಿ ಎಂದು ಹತ್ತು ಸಲ ಹೇಳುತ್ತವೆ. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆಗೆ ಅದು ಒಗ್ಗುವುದಿಲ್ಲ. ನಮಗೆ ಶತ್ರು ವಾಸನೆಯಲ್ಲ, ಒಣಗುವಿಕೆ. ಸೂಕ್ಷ್ಮಜೀವಿಗಳಿಗೆ ಅರ್ಧದಷ್ಟಾದರೂ ತೇವ ಬೇಕು. ತೇವ ಹೋದರೆ ಅವು ಕೆಲಸ ನಿಲ್ಲಿಸಿ ಮಲಗುತ್ತವೆ.

ಪರೀಕ್ಷೆ ಸುಲಭ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಬಾರದು. ಮುಷ್ಟಿ ಬಿಚ್ಚಿದರೆ ಉಂಡೆ ನಿಲ್ಲಬೇಕು, ತೋರುಬೆರಳಿನಿಂದ ತಟ್ಟಿದರೆ ಒಡೆಯಬೇಕು. ಉದುರುದುರಾದರೆ ನೀರು ಬೇಕು. ಬರಿ ನೀರೇ ಆಗಬೇಕಿಲ್ಲ, ಅಕ್ಕಿ ತೊಳೆದ ನೀರು, ನೀರು ಬೆರೆಸಿದ ಹುಳಿ ಮಜ್ಜಿಗೆ ಇನ್ನೂ ಒಳ್ಳೆಯದು. ಹಳ್ಳಿಯಿಂದ ಒಂದು ಬೊಗಸೆ ಹಸಿ ಸಗಣಿ ಸಿಕ್ಕರೆ ನೀರಿನಲ್ಲಿ ಕದಡಿ ಒಮ್ಮೆ ಹಾಕಿ. ಪಾತ್ರೆಯನ್ನು ನೆರಳಿಗೆ ಎಳೆದುಕೊಂಡು ಮೇಲೆ ಒದ್ದೆ ಗೋಣಿ ಹೊದಿಸಿ. ಕಲ್ಲಂಗಡಿ ಸಿಪ್ಪೆಯನ್ನೂ ಸೌತೆಯ ತಿರುಳನ್ನೂ ಬೇಸಿಗೆಯಲ್ಲಿ ಬಿಡದೆ ಹಾಕಿ. ಸಣ್ಣಗೆ ಹೆಚ್ಚಿ ಹಾಕಿದರೆ ಅರ್ಧ ಸಮಯ ಉಳಿಯುತ್ತದೆ.

ನನ್ನ ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಶಾಲು, ಹಾರದ ಜೊತೆ ಪ್ರಯೋಗಾಲಯದ ಒಂದು ಥರ್ಮಾಮೀಟರನ್ನೂ ತಮಾಷೆಗೆಂದು ಕೊಟ್ಟಿದ್ದರು. ಅದನ್ನು ಕಳೆದ ಡಿಸೆಂಬರಿನಲ್ಲಿ ತೊಟ್ಟಿಯ ನಡುವಿಗೆ ಚುಚ್ಚಿ ನೋಡಿದೆ: 58 ಡಿಗ್ರಿ. ಹೊರಗೆ ಸ್ವೆಟರ್ ಹಾಕಿಕೊಳ್ಳುವ ಚಳಿ, ಕೋಲಿನಿಂದ ಕೆದಕಿದಲ್ಲಿಂದ ಹಬೆ ಏಳುತ್ತಿತ್ತು. ಒಳಗೆ ಕೆಲಸ ನಡೆಯುತ್ತಿದ್ದರೆ ಅದು ಹೀಗೆ ತಾನಾಗಿ ಕಾಯುತ್ತದೆ. ನಿಮ್ಮದನ್ನು ಬಿಸಿಲಿನಲ್ಲಿ ಕಾಯಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ನಾವು ಶ್ರದ್ಧೆಯಿಂದ ಬೇರ್ಪಡಿಸಿ ಕೊಟ್ಟರೆ ಬರುವ ಗಾಡಿಯವರು ಎಲ್ಲವನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಕಣ್ಣಾರೆ ಕಂಡ ಮೇಲೂ ಏಕೆ ಬೇರ್ಪಡಿಸಬೇಕು? (ಹೆಸರು, ಊರು ಎರಡೂ ಬೇಡ)

ನೀವು ಕಂಡದ್ದು ಸುಳ್ಳಲ್ಲ, ನಾನೂ ಕಂಡಿದ್ದೇನೆ. ಅದನ್ನು ಕಂಡ ದಿನ ಬಹಳ ಜನ ಕೈಬಿಡುತ್ತಾರೆ. ನನ್ನ ಜಾಣತನ ಇಷ್ಟೇ: ಗಾಡಿಗೆ ಕೊಡುವುದನ್ನೇ ಕಡಿಮೆ ಮಾಡಿ. ಹಸಿ ಕಸ ಗೇಟು ದಾಟದಿದ್ದರೆ ಅದನ್ನು ಯಾರೂ ಬೆರೆಸಲಾರರು. ಮನೆಯ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಅದೇ. ಅದು ಹೋದ ಮೇಲೆ ಉಳಿದ ಕಾಗದ, ರಟ್ಟು, ಬಾಟಲಿ ಒದ್ದೆಯಾಗದೆ, ನಾರದೆ ಉಳಿಯುತ್ತವೆ. ತಿಂಗಳಿಗೊಮ್ಮೆ ಗುಜರಿಯವನು ತಾನಾಗಿ ಬಂದು ಒಯ್ಯುತ್ತಾನೆ. ಸಾಂಬಾರು ಮೆತ್ತಿದ ರಟ್ಟಿಗೆ ಬೆಲೆಯಿಲ್ಲ, ಒಣ ರಟ್ಟಿಗಿದೆ. ಹಸಿ ಕಸ ಬೇರೆ ಮಾಡುವುದರ ಮೊದಲ ಲಾಭ ಗೊಬ್ಬರವಲ್ಲ, ಒಣ ಕಸ ಒಣಗಿರುವುದೇ.

ಗಾಡಿಗೆ ಹೋಗುವುದು ಆಗ ಒಂದು ಸಣ್ಣ ಗಂಟು. ಅದರಲ್ಲಿ ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರು ಇದ್ದರೆ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದೇಕೆ ಎನ್ನುವವರು, ಅದನ್ನು ಬರಿಗೈಯಲ್ಲಿ ಎತ್ತುವವರನ್ನು ಒಮ್ಮೆ ಕೇಳಿ ಬರಲಿ. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಮಾತ್ರೆ ಇವೆಲ್ಲ ಬೇರೆಯೇ ಒಂದು ಡಬ್ಬಕ್ಕೆ.

ಪ್ರಶ್ನೆ: ತೊಟ್ಟಿ ಕಟ್ಟಲು ನಮ್ಮಲ್ಲಿ ಖಾಲಿ ಇರುವುದು ಈಶಾನ್ಯ ಮೂಲೆ ಮಾತ್ರ. ವಾಸ್ತು ಪ್ರಕಾರ ಅಲ್ಲಿ ತಿಪ್ಪೆ ಕೂಡದು, ಮನೆಗೆ ದರಿದ್ರ ಎಂದು ಹಿರಿಯರು ಪಟ್ಟು ಹಿಡಿದಿದ್ದಾರೆ. ವೈಜ್ಞಾನಿಕವಾಗಿ ಅವರಿಗೆ ಹೇಗೆ ತಿಳಿಹೇಳಬೇಕು? (ಕೊಪ್ಪಳ)

ತಿಳಿಹೇಳಬೇಡಿ. ಈಶಾನ್ಯದಲ್ಲಿ ನಿಮ್ಮ ಬೋರ್‌ವೆಲ್ಲೂ ನೀರಿನ ಸಂಪೂ ಇರಬೇಕು, ವಾಸ್ತು ನೋಡಿ ಕಟ್ಟಿದ ಕಟ್ಟಡಗಳಲ್ಲಿ ಅವು ಇರುವುದೇ ಅಲ್ಲಿ. ತೊಟ್ಟಿಯಿಂದ ಬಸಿಯುವ ನೀರು ಅದರ ಹತ್ತಿರ ಸುಳಿಯಬಾರದು. ಹಿರಿಯರು ಹೇಳಿದ ಕಾರಣ ಬೇರೆ, ನನ್ನದು ಬೇರೆ. ತೀರ್ಮಾನ ಒಂದೇ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಸ್ಕೂಟರಿನಷ್ಟು ಜಾಗ ಕೇಳಿ ಪಡೆಯಿರಿ. ಈಶಾನ್ಯ ಬಿಟ್ಟುಕೊಟ್ಟಿದ್ದೇವೆ ಎಂದರೆ ಅವರೂ ಇಲ್ಲವೆನ್ನಲಾರರು.

ದರಿದ್ರದ ಮಾತಿಗೆ ಮಾತ್ರ ನನ್ನ ತಕರಾರಿದೆ. ನನ್ನ ತವರಿನಲ್ಲಿ ದೀಪಾವಳಿಯ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಚೆಂಡುಹೂ ಸಿಕ್ಕಿಸಿ ಹೊಸ್ತಿಲಲ್ಲಿ ಇಡುತ್ತಿದ್ದರು. ಸಂಜೆ ಅವ್ವ ಒಂದು ಹಣತೆಯನ್ನು ಹಿತ್ತಲಿನ ತಿಪ್ಪೆಯ ಮೇಲೆಯೂ ಇಟ್ಟು ಬರುತ್ತಿದ್ದಳು. ತಿಪ್ಪೆ ದೊಡ್ಡದಿದ್ದ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿರಲಿಲ್ಲ, ದನಕರು ಇದ್ದ ಮನೆ ಎಂದು ಲೆಕ್ಕ. ಇನ್ನೂ ಹಿಂದಕ್ಕೆ ಹೋಗುವುದಾದರೆ, ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಹತ್ತಿರ ಬೂದಿದಿಬ್ಬವಿದೆ. ಯಾವನೋ ರಾಕ್ಷಸನನ್ನು ಸುಟ್ಟ ಬೂದಿ ಎಂದು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಅದು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಒಟ್ಟಿ ಸುಟ್ಟ ಸಗಣಿಯ ರಾಶಿ ಎಂಬುದು ಪುರಾತತ್ವಜ್ಞರು ಕಂಡುಕೊಂಡ ಸಂಗತಿ. ಸಂಗನಕಲ್ಲಿನ ಗುಡ್ಡಗಳಲ್ಲಿಯೂ ಅದೇ ಕಾಲದ ಜನರ ಕಲ್ಲಿನ ಕೊಡಲಿಗಳು ಸಿಕ್ಕಿವೆ, ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕೋಟೆಗಿಂತಲೂ, ಹಂಪಿಗಿಂತಲೂ ಹಳೆಯದಾದ ನಮ್ಮ ಸೀಮೆಯ ಸ್ಮಾರಕ ಒಂದು ತಿಪ್ಪೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ, ‘ಟೀಚರ್, ಇಷ್ಟೇನಾ?’

ಪ್ರಶ್ನೆ: ಮನೆಯಲ್ಲಿಯೇ ಜೀನ್ಸ್ ಹೊಲಿಯುತ್ತೇವೆ. ವಾರಕ್ಕೆ ಎರಡು ಚೀಲ ಚಿಂದಿ ಬರುತ್ತದೆ. ಹತ್ತಿಯ ಬಟ್ಟೆ ತಾನೇ, ತೊಟ್ಟಿಗೆ ಹಾಕಬಹುದೇ ಎಂದು ಕೇಳಿದ್ದಕ್ಕೆ ಕಟ್ಟಡದವರು ನಕ್ಕರು. (ಕೌಲ್‌ಬಜಾರ್, ಬಳ್ಳಾರಿ)

ನಗುವಂಥದ್ದೇನೂ ಇಲ್ಲ. ಬಳ್ಳಾರಿಯ ಜೀನ್ಸ್ ಊರೂರಿಗೆ ಹೋಗುತ್ತದೆ, ಅದರ ಚಿಂದಿ ಇಲ್ಲಿಯೇ ಉಳಿಯುತ್ತದೆ. ಅಪ್ಪಟ ಹತ್ತಿ ಕೊಳೆಯುತ್ತದೆ, ನಿಮ್ಮ ಮಾತು ಸರಿ. ಆದರೆ ಈಗಿನ ಜೀನ್ಸಿನಲ್ಲಿ ಹಿಗ್ಗುವ ಎಳೆ ಬೆರೆತಿರುತ್ತದೆ, ಹೊಲಿಗೆಯ ದಾರ ಹೆಚ್ಚಾಗಿ ಪಾಲಿಯೆಸ್ಟರ್. ಅವು ಕೊಳೆಯದೆ ಗೊಬ್ಬರದಲ್ಲಿ ಕೂದಲಿನ ಹಾಗೆ ಸಿಕ್ಕು ಕಟ್ಟುತ್ತವೆ. ಬಣ್ಣವೂ ಇದೆ. ತೊಟ್ಟಿಗೆ ಬೇಡ.

ಸುಡುವುದಂತೂ ಬೇಡ. ಚಳಿಗಾಲದ ಬೆಳಿಗ್ಗೆ ಕೆಲವು ಓಣಿಗಳಲ್ಲಿ ಏಳುವ ಆ ನೀಲಿ ಹೊಗೆಗೆ ನನ್ನ ಗಂಟಲು ಈಗಲೂ ಕಟ್ಟುತ್ತದೆ. ಅಂಗೈಗಿಂತ ದೊಡ್ಡ ತುಂಡುಗಳನ್ನು ಬೇರೆ ಇಡಿ. ಕೌದಿ ಹೊಲಿಯುವ ಹೆಂಗಸರು ಅದನ್ನು ಹೊದಿಕೆಗೆ ಒಲ್ಲರು, ಭಾರ. ಆದರೆ ಕಾಲೊರೆಸುವ ಹಾಸಿಗೆ, ಸ್ಕೂಟರ್ ಸೀಟಿಗೆ, ಮಾರುಕಟ್ಟೆ ಚೀಲಕ್ಕೆ ಕೇಳಿ ಒಯ್ಯುತ್ತಾರೆ. ನನ್ನ ತರಕಾರಿ ಚೀಲ ಮೂರು ಬಣ್ಣದ ಜೀನ್ಸಿನದು. ಹನ್ನೆರಡು ಕಿಲೋ ಹೊತ್ತರೂ ಹಿಡಿಕೆ ಕಿತ್ತಿಲ್ಲ. ಸಣ್ಣ ಚೂರುಗಳನ್ನು ದಿಂಬಿಗೆ, ಗಾದಿಗೆ ತುಂಬುವವರು ತೂಕಕ್ಕೆ ಕೊಳ್ಳುತ್ತಾರೆ. ಒದ್ದೆ ಮಾಡದೆ, ಎಣ್ಣೆ ತಾಗಿಸದೆ ಕೂಡಿಡಿ.

ಪ್ರಶ್ನೆ: ನಾನು ಎಂಟನೇ ತರಗತಿ. ಹಾಲಿನ ಪ್ಯಾಕೆಟ್ಟಿನ ತುದಿಯನ್ನು ಪೂರ್ತಿ ಕತ್ತರಿಸಬಾರದು ಎಂದು ನಮ್ಮ ಟೀಚರ್ ಹೇಳಿದರು. ಅಮ್ಮ ನಂಬುತ್ತಿಲ್ಲ, ಇಷ್ಟು ಚಿಕ್ಕ ತುಂಡಿನಿಂದ ಏನಾಗುತ್ತದೆ ಅನ್ನುತ್ತಾರೆ. (ಸಿರುಗುಪ್ಪ)

ಮರೀ, ನಿನ್ನ ಟೀಚರ್ ಹೇಳಿದ್ದು ಸರಿ. ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಇಟ್ಟರೆ ಗುಜರಿಯವನು ಒಯ್ಯುತ್ತಾನೆ, ಅದು ಕರಗಿ ಮತ್ತೇನೋ ಆಗುತ್ತದೆ. ತುದಿಯ ಆ ತ್ರಿಕೋನದ ತುಂಡನ್ನು ಯಾರೂ ಹೆಕ್ಕುವುದಿಲ್ಲ. ಅದು ಸಿಂಕಿನ ತೂತಿಗೆ, ಚರಂಡಿಗೆ, ಇಲ್ಲವೇ ಸಿಪ್ಪೆಯ ಜೊತೆ ನನ್ನ ತೊಟ್ಟಿಗೆ ಬರುತ್ತದೆ. ಗೊಬ್ಬರ ಜರಡಿ ಹಿಡಿಯುವಾಗ ನನಗೆ ಹೆಚ್ಚು ಸಿಗುವ ವಸ್ತು ಅದೇ. ಒಂದು ಸಲದ ಜರಡಿಯಲ್ಲಿ 143 ಎಣಿಸಿದ್ದೇನೆ. ಮಣ್ಣಿನ ಬಣ್ಣ ಹತ್ತಿರುತ್ತದೆ, ಬೆರಳಿನಲ್ಲಿ ಉಜ್ಜಿದರೆ ನೀಲಿ ಅಕ್ಷರದ ಅರ್ಧ ಕಾಣುತ್ತದೆ.

ಅಮ್ಮನ ಜೊತೆ ವಾದ ಮಾಡಬೇಡ. ಮುಕ್ಕಾಲು ಭಾಗ ಕತ್ತರಿಸಿ ತುಂಡನ್ನು ಪ್ಯಾಕೆಟ್ಟಿಗೆ ಅಂಟಿದಂತೆಯೇ ಬಿಡುವುದನ್ನು ನೀನೇ ನಾಳೆಯಿಂದ ಮಾಡು. ಹಾಲು ಸರಿಯಾಗಿಯೇ ಬರುತ್ತದೆ, ಮೊದಲ ದಿನ ಮಾತ್ರ ಸ್ವಲ್ಪ ಚೆಲ್ಲಬಹುದು. ಚೆಲ್ಲಿದರೆ ನೀನೇ ಒರೆಸು. ಮತ್ತೆ, ಕತ್ತರಿಯನ್ನು ಎಲ್ಲಿಂದ ತೆಗೆದೆಯೋ ಅಲ್ಲಿಯೇ ಇಡು. ಇಲ್ಲವಾದರೆ ಮುಂದಿನ ತಿಂಗಳು ನಿನ್ನ ಅಮ್ಮನ ಪತ್ರ ನನಗೆ ಬರುತ್ತದೆ.